‘ಬೇಡ’ ಎಂದ ಬಂಡುಕೋರರು

ಪಂಕ್ ಸಂಗೀತವೆಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುತ್ತದೆ. ಮುಳ್ಳಿನಂತೆ ನಿಲ್ಲಿಸಿದ ಕೂದಲು, ಹರಿದ ಬಟ್ಟೆ, ಕಿವಿಗಡಚಿಕ್ಕುವ ಗಿಟಾರು, ಜೊತೆಗೆ ಮದ್ಯ ಮತ್ತು ಮಾದಕವಸ್ತು. ಪಂಕ್ ಹುಡುಗರ ಬಗ್ಗೆ ಜನಮನದಲ್ಲಿ ಉಳಿದಿರುವ ಚಿತ್ರ ಇದು. ಅದು ಪೂರ್ತಿ ಸುಳ್ಳೂ ಅಲ್ಲ. ಇಂಗ್ಲೆಂಡಿನ ‘ಸೆಕ್ಸ್ ಪಿಸ್ಟಲ್ಸ್’ ತಂಡದ ಸಿಡ್ ವಿಶಸ್ 1979ರಲ್ಲಿ ಹೆರಾಯಿನ್ ಅತಿಸೇವನೆಯಿಂದ ಸತ್ತಾಗ ಅವನಿಗೆ ಕೇವಲ 21 ವರ್ಷ.

ಆದರೆ ಇದೇ ಪಂಕ್ ಸಂಗೀತದ ಒಡಲಿನಿಂದ ‘ನಮಗೆ ಕುಡಿತ ಬೇಡ, ಸಿಗರೇಟು ಬೇಡ, ಮಾದಕವಸ್ತುವೂ ಬೇಡ’ ಎನ್ನುವ ಹುಡುಗರ ಪಂಗಡವೊಂದು ಹುಟ್ಟಿಕೊಂಡಿತೆಂದರೆ ಅಚ್ಚರಿಯಲ್ಲವೇ? ಅದರ ಹೆಸರು ‘ಸ್ಟ್ರೇಟ್ ಎಡ್ಜ್’. ರೇಖಾಗಣಿತ ಓದಿದವರಿಗೆ ಈ ಪದ ಹೊಸದಲ್ಲ. ಸರಳರೇಖೆ ಎಳೆಯಲು ಬಳಸುವ ನೆಟ್ಟನೆಯ ಪಟ್ಟಿಗೆ ಇಂಗ್ಲಿಷಿನಲ್ಲಿ ಇದೇ ಹೆಸರು!

ಅವಮಾನವೇ ಅಭಿಮಾನವಾಯಿತು

ಕಥೆ ಆರಂಭವಾಗುವುದು 1980ರಲ್ಲಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ‘ಟೀನ್ ಐಡಲ್ಸ್’ ಎಂಬ ಹದಿಹರೆಯದವರ ತಂಡ ಕ್ಯಾಲಿಫೋರ್ನಿಯಾಕ್ಕೆ ಹಾಡಲು ಹೋಯಿತು. ಅಲ್ಲಿ ಮದ್ಯ ಕೊಳ್ಳಲು 21 ವರ್ಷ ತುಂಬಿರಬೇಕು. ಸಂಗೀತ ನಡೆಯುವ ಕ್ಲಬ್ಬುಗಳಲ್ಲೋ ಮದ್ಯದ ಮಾರಾಟವೂ ಉಂಟು. ಹಾಡುವ ಹುಡುಗರನ್ನೇ ಹೊರಗೆ ನಿಲ್ಲಿಸುವಂತಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಲಬ್ಬೊಂದರವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಹುಡುಗರ ಮುಂಗೈ ಮೇಲೆ ಕಪ್ಪು ಶಾಯಿಯಲ್ಲಿ ದೊಡ್ಡದೊಂದು ಇಂಟು ಗುರುತು ಬರೆದರು. ಆ ಗುರುತು ಕಂಡರೆ ಮದ್ಯ ಕೊಡಬೇಡಿ ಎಂದರ್ಥ.

ತಪ್ಪು ಉತ್ತರಕ್ಕೆ ಉಪಾಧ್ಯಾಯರು ಹಾಕುವಂಥ ಗುರುತು! ಆದರೆ ಹುಡುಗರು ನಾಚಿಕೊಳ್ಳಲಿಲ್ಲ. ಊರಿಗೆ ಮರಳಿ, ಅಲ್ಲಿನ ಕ್ಲಬ್ಬಿಗೂ ಅದೇ ಉಪಾಯ ಸೂಚಿಸಿದರು. ತಮ್ಮ ಧ್ವನಿಮುದ್ರಿಕೆಯ ಹೊದಿಕೆಯ ಮೇಲೂ ಇಂಟು ಗುರುತಿನ ಕೈಗಳ ಚಿತ್ರವನ್ನೇ ಹಾಕಿದರು. ಮುಂದೆ ಅದು ಅವರಂತೆ ಬದುಕಬಯಸಿದವರ ಲಾಂಛನವೇ ಆಯಿತು. ‘ಇವನಿಗೆ ಕೊಡಬೇಡಿ’ ಎಂಬ ಗುರುತು ‘ನನಗೆ ಬೇಡ’ ಎಂಬ ಗುರುತಾಯಿತು. ಇಡೀ ಚಳವಳಿಯ ತಿರುಳು ಇಷ್ಟೇ.

46 ಸೆಕೆಂಡಿನ ಹಾಡು

ಆ ತಂಡ ಚದುರಿದ ಮೇಲೆ ಅದರಲ್ಲಿದ್ದ ಇಯಾನ್ ಮೆಕಾಯ್ ಮತ್ತು ಜೆಫ್ ನೆಲ್ಸನ್ ‘ಮೈನರ್ ಥ್ರೆಟ್’ ಎಂಬ ಹೊಸ ತಂಡ ಕಟ್ಟಿದರು. 1981ರಲ್ಲಿ ಹೊರಬಂದ ಅದರ ‘ಸ್ಟ್ರೇಟ್ ಎಡ್ಜ್’ ಹಾಡು ಮುಗಿಯಲು ಬೇಕಾದದ್ದು 46 ಸೆಕೆಂಡು. ಅಮಲಿಲ್ಲದೆ ಬದುಕುವವನೇ ಹೆಚ್ಚು ಎಚ್ಚರದಿಂದ ಬದುಕುತ್ತಾನೆ ಎಂಬುದು ಅದರ ಭಾವ. ಗೆಳೆಯರು ನಶೆಯಲ್ಲಿ ತೇಲುವುದನ್ನು ಕಂಡಿದ್ದ ಮೆಕಾಯ್, ತನ್ನ ಆಯ್ಕೆಯನ್ನು ಹಾಡಾಗಿಸಿದ್ದ.

ಇಲ್ಲೊಂದು ವೈಜ್ಞಾನಿಕ ಸಂಗತಿಯನ್ನೂ ಗಮನಿಸಬೇಕು. ಹಣೆಯ ಹಿಂದಿರುವ, ಹಿಂದುಮುಂದು ಯೋಚಿಸಿ ಮನಸ್ಸಿಗೆ ಲಗಾಮು ಹಾಕುವ ಮಿದುಳಿನ ಭಾಗ ಪೂರ್ತಿ ಬಲಿಯುವುದು ಸುಮಾರು 25ನೆಯ ವಯಸ್ಸಿಗೆ. ಸುಖವನ್ನು ಬೆನ್ನಟ್ಟುವ ಭಾಗವಾದರೋ ಅದಕ್ಕೂ ಮೊದಲೇ ಚುರುಕಾಗಿರುತ್ತದೆ. ಮದ್ಯ, ನಿಕೋಟಿನ್, ಹೆರಾಯಿನ್ ಮೂರೂ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕವನ್ನು ಹೆಚ್ಚಿಸಿ ‘ಇನ್ನೊಮ್ಮೆ ಬೇಕು’ ಎನ್ನಿಸುತ್ತವೆ. ಹದಿಹರೆಯದಲ್ಲಿ ಅಂಟಿದ ಚಟ ಬಿಡಿಸುವುದು ಕಷ್ಟವಾಗುವುದು ಇದರಿಂದಲೇ. ಅಂಥ ವಯಸ್ಸಿನಲ್ಲಿ, ಗೆಳೆಯರೆಲ್ಲ ಕುಡಿಯುವಾಗ ಬೇಡವೆನ್ನುವುದು ಅಂಜುಬುರುಕತನವಲ್ಲ, ಎದೆಗಾರಿಕೆ.

ಗೆರೆ ದಾಟಿದಾಗ

ಹಾಡು ಹಬ್ಬಿದಂತೆ ಹಾಡಿದವನ ಕೈಮೀರಿತು. ಬಾಸ್ಟನ್, ನ್ಯೂಯಾರ್ಕ್, ಮುಂದೆ ಯೂರೋಪಿನಲ್ಲೂ ಅನುಯಾಯಿಗಳು ಹುಟ್ಟಿಕೊಂಡರು. ನ್ಯೂಯಾರ್ಕಿನ ‘ಯೂತ್ ಆಫ್ ಟುಡೇ’ ತಂಡ ಸಸ್ಯಾಹಾರದ ಪರವಾಗಿ ಹಾಡಿತು. ಅದರ ಗಾಯಕ ರೇ ಕಾಪೊ ಮುಂದೆ ಕೃಷ್ಣಭಕ್ತನಾದ. ಇಷ್ಟಾದರೆ ಒಳ್ಳೆಯದೇ. ಆದರೆ 1990ರ ದಶಕದ ಕೊನೆಯ ಹೊತ್ತಿಗೆ ಸಾಲ್ಟ್ ಲೇಕ್ ಸಿಟಿಯಲ್ಲಿ ಕೆಲವರು ಈ ಹೆಸರಿನಲ್ಲಿ ಸಿಗರೇಟು ಸೇದುವವರ, ಕುಡಿಯುವವರ ಮೇಲೆ ಕೈಮಾಡತೊಡಗಿದರು. ಪೊಲೀಸರು ಅವರನ್ನು ಪುಂಡರ ಗುಂಪುಗಳ ಪಟ್ಟಿಗೆ ಸೇರಿಸಬೇಕಾಯಿತು. ತಾನು ಬರೆದದ್ದು ತನ್ನ ಬದುಕಿನ ಬಗ್ಗೆ, ಬೇರೆಯವರಿಗೆ ಕಟ್ಟಳೆ ಮಾಡಲಿಕ್ಕಲ್ಲ ಎಂದು ಮೆಕಾಯ್ ಹಲವು ಸಲ ಹೇಳಿದ್ದಾನೆ. ತನಗೆ ತಾನೇ ಹಾಕಿಕೊಂಡ ಗೆರೆ ವ್ರತವಾಗುತ್ತದೆ. ಅದನ್ನೇ ಇನ್ನೊಬ್ಬನ ಮೈಮೇಲೆ ಎಳೆಯಹೊರಟರೆ ಬಾಸುಂಡೆಯಾಗುತ್ತದೆ.

ತಂದೆತಾಯಿಯರು ಗಮನಿಸಬೇಕಾದ ಇನ್ನೊಂದು ಮಾತುಂಟು. ವಾಷಿಂಗ್ಟನ್ನಿನ ಆ ಹುಡುಗರನ್ನು ಕಾಪಾಡಿದ್ದು ಬರಿಯ ‘ಬೇಡ’ ಅಲ್ಲ. ಅವರ ಕೈಗೆ ಬಿಡುವಿಲ್ಲದಷ್ಟು ಕೆಲಸವಿತ್ತು. ಹಾಡಿ ಉಳಿಸಿದ ಹಣದಿಂದ 1980ರಲ್ಲಿ ‘ಡಿಸ್ಕಾರ್ಡ್’ ಎಂಬ ಧ್ವನಿಮುದ್ರಣ ಸಂಸ್ಥೆ ಆರಂಭಿಸಿದರು. ಮುದ್ರಿಕೆಗಳ ಹೊದಿಕೆಗಳನ್ನು ತಾವೇ ಕತ್ತರಿಸಿ, ಮಡಿಸಿ, ಅಂಟಿಸಿದರು. 1987ರಲ್ಲಿ ಮೆಕಾಯ್ ಕಟ್ಟಿದ ‘ಫುಗಾಜಿ’ ತಂಡ, ಎಲ್ಲ ವಯಸ್ಸಿನವರೂ ಬರಬಹುದಾದ ಕಡೆಯೇ ಹಾಡುತ್ತ, ಟಿಕೆಟ್ಟಿನ ದರವನ್ನು ಸುಮಾರು 5 ಡಾಲರಿಗೇ ನಿಲ್ಲಿಸಲು ಹೆಣಗಿತು. ಮದ್ಯದಂಗಡಿಯ ಹಂಗಿಲ್ಲದೆ ಹುಡುಗರು ಒಟ್ಟುಗೂಡಲು ಒಂದು ಜಾಗ ಬೇಕು ಎಂಬುದನ್ನು ಅವರು ಅರಿತಿದ್ದರು.

ಮಕ್ಕಳಿಗೆ ‘ಬೇಡ’ ಎಂದು ಹೇಳುವುದು ಸುಲಭ. ಅವರೇ ‘ಬೇಡ’ ಎನ್ನುವಂತಾಗಬೇಕಾದರೆ, ‘ಬೇಕು’ ಎನ್ನಿಸುವಂಥ ಆಟವೋ, ಹಾಡೋ, ಕೆಲಸವೋ ಅವರ ಮುಂದಿರಬೇಕು. ಅದು ನಮ್ಮ ಊರುಗಳಲ್ಲಿ ಎಷ್ಟು ಮಕ್ಕಳಿಗಿದೆ?