ಹೊತ್ತು ಮುಳುಗಿದ ಮೇಲಿನ ಇಪ್ಪತ್ತು ನಿಮಿಷ

ಮಡಿಕೇರಿಯ ರಾಜಾಸೀಟಿನಲ್ಲಿ ಸಂಜೆಯ ಪದ್ಧತಿ ಬಹಳ ಬದಲಾಗುವುದಿಲ್ಲ. ಐದು ಗಂಟೆಯಿಂದಲೇ ಜನ ಸೇರತೊಡಗುತ್ತಾರೆ. ಮಕ್ಕಳ ಗಲಾಟೆ, ಸೆಲ್ಫಿ, ಪಡುವಣ ಅಂಚಿನ ಕಂಬಿಗೆ ಒರಗಿ ನಿಲ್ಲಲು ಸಣ್ಣ ಪೈಪೋಟಿ. ಸೂರ್ಯ ಬೆಟ್ಟದ ಹಿಂದೆ ಜಾರಿದ್ದೇ ತಡ, ಎಲ್ಲರ ಬಾಯಿಂದಲೂ ಒಂದು ‘ಓ’ ಹೊರಟು ಗುಂಪು ಗೇಟಿನ ಕಡೆ ತಿರುಗುತ್ತದೆ. ಕಂಬಿಯ ಬಳಿ ಉಳಿದುಕೊಂಡ ಮೂರು ನಾಲ್ಕು ಮಂದಿಯನ್ನು ಗಮನಿಸಿ. ಅವರ ಮುಂದೆ ಟ್ರೈಪಾಡ್ ಇರುತ್ತದೆ, ಕೈಯಲ್ಲಿ ಲೆನ್ಸ್ ಒರೆಸುವ ಬಟ್ಟೆ ಇರುತ್ತದೆ, ಮುಖದಲ್ಲಿ ಹೊರಡುವ ಲಕ್ಷಣವೇ ಇರುವುದಿಲ್ಲ. ಅವರ ಕೆಲಸ ಈಗಷ್ಟೇ ಆರಂಭವಾಗಿದೆ.

ಕೊಡಗಿನ ಅರಸರು ಸಂಜೆ ಕಳೆಯಲು ಬಂದು ಕೂರುತ್ತಿದ್ದ ಜಾಗವಾದ್ದರಿಂದ ಇದಕ್ಕೆ ರಾಜಾಸೀಟು ಎಂಬ ಹೆಸರು ಬಂತಂತೆ. ನಾಲ್ಕು ಕಂಬಗಳ, ಕಮಾನುಗಳ ಒಂದು ಪುಟ್ಟ ಮಂಟಪ, ಸುತ್ತ ಉದ್ಯಾನ, ಮುಂದೆ ಥಟ್ಟನೆ ಇಳಿಯುವ ಕಣಿವೆ. ಅರಸರು ಜಾಗ ಆರಿಸಿದ್ದು ಚೆನ್ನಾಗಿದೆ ಎಂದು ಯಾವ ಛಾಯಾಗ್ರಾಹಕನಾದರೂ ಒಪ್ಪುತ್ತಾನೆ. ನೋಟ ಪಶ್ಚಿಮಕ್ಕೆ ತೆರೆದಿದೆ, ಎದುರಿಗೆ ಒಂದರ ಹಿಂದೊಂದು ಬೆಟ್ಟದ ಸಾಲು, ಕೆಳಗೆ ಮಂಗಳೂರಿನ ಕಡೆಗೆ ಬಳುಕುತ್ತ ಹೋಗುವ ರಸ್ತೆ. ಆದರೆ ಇಷ್ಟು ಸುಲಭವಾಗಿ ಸಿಗುವ ನೋಟದಲ್ಲೇ ತೊಡಕೂ ಇದೆ. ಎಲ್ಲರಿಗೂ ಒಂದೇ ಫೋಟೋ ಸಿಗುತ್ತದೆ: ನಡುವೆ ಒಂದು ಬಿಳಿ ಚುಕ್ಕೆಯಂಥ ಸೂರ್ಯ, ಕೆಳಗೆ ಕಪ್ಪು ಮುದ್ದೆ, ಮೇಲೆ ಕಿತ್ತಳೆ ಬಣ್ಣ.

ಕಣ್ಣಿಗೆ ಅಷ್ಟು ಚೆಂದ ಕಂಡದ್ದು ಫೋಟೋದಲ್ಲಿ ಏಕೆ ಹೀಗಾಯಿತು? ಅಲ್ಲಿ ಕಣ್ಣನ್ನು ಹಿಡಿದದ್ದು ಸೂರ್ಯನೂ ಅಲ್ಲ, ಒಂದು ಬೆಟ್ಟವೂ ಅಲ್ಲ. ಸಾಲು ಸಾಲಾಗಿ ಮಾಸುತ್ತ ಹೋಗುವ ಅಂಚುಗಳು. ಹತ್ತಿರದ ಬೆಟ್ಟ ಕಡುಕಪ್ಪು, ಅದರ ಹಿಂದಿನದು ಸ್ವಲ್ಪ ತಿಳಿ, ಅದರಾಚೆಯದು ಇನ್ನೂ ತಿಳಿ; ಡಿಕಾಕ್ಷನ್ನಿಗೆ ಒಂದೊಂದೇ ಚಮಚ ಹಾಲು ಬೆರೆಸುತ್ತ ಹೋದ ಹಾಗೆ. ಇಲ್ಲಿ ಬೆರೆಯುವುದು ಗಾಳಿ. ನಮಗೂ ದೂರದ ಬೆಟ್ಟಕ್ಕೂ ನಡುವೆ ಇರುವ ಗಾಳಿ, ಅದರಲ್ಲಿ ತೇಲುವ ತೇವ ಮತ್ತು ದೂಳು ಬೆಳಕನ್ನು ಚದುರಿಸಿ ಅದರ ಒಂದು ಪಾಲನ್ನು ನಮ್ಮ ಕಡೆ ಕಳಿಸುತ್ತವೆ. ದೂರ ಹೆಚ್ಚಿದಷ್ಟೂ ಗಾಳಿ ಹೆಚ್ಚು, ಗಾಳಿ ಹೆಚ್ಚಿದಷ್ಟೂ ಆ ಬೆಳಕಿನ ಪರದೆ ದಪ್ಪ. ಹಾಗಾಗಿ ನನ್ನ ಲೆಕ್ಕದಲ್ಲಿ ರಾಜಾಸೀಟಿನ ಒಳ್ಳೆಯ ಫೋಟೋ ಎಂದರೆ ಅಲ್ಲಿನ ಗಾಳಿಯ ಫೋಟೋ. ಉಳಿದ ಸೂತ್ರಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತವೆ.

ಮೊದಲನೆಯದಾಗಿ, ಲೆನ್ಸ್. ವಿಶಾಲ ನೋಟ ಕಂಡೊಡನೆ ಅಗಲ ಕೋನದ ಲೆನ್ಸ್ ಹಾಕಬೇಕೆನಿಸುವುದು ಸಹಜ. ಹಾಕಿದರೆ ಸಾಲುಗಳೆಲ್ಲ ಚಿತ್ರದ ನಡುವೆ ಒಂದು ಗೆರೆಯಷ್ಟಾಗಿ ಕುಗ್ಗುತ್ತವೆ. ಮುಕ್ಕಾಲು ಪಾಲು ಬರೀ ಆಕಾಶ ಮತ್ತು ಉದ್ಯಾನದ ಬೇಲಿ. ಬಲ್ಲವರು 70ರಿಂದ 200 ಮಿಲಿಮೀಟರಿನ ಜೂಮ್ ಲೆನ್ಸ್ ಹಾಕಿ, ಇಡೀ ನೋಟದಲ್ಲಿ ಅಂಗೈಯಗಲದ ಒಂದು ತುಂಡನ್ನು ಆರಿಸುತ್ತಾರೆ. ಎರಡು ಬೆಟ್ಟಗಳ ಇಳಿಜಾರು ಎಲ್ಲಿ ಒಂದನ್ನೊಂದು ಕತ್ತರಿಸುತ್ತದೆ, ಮುಂದಿನ ಕಾಫಿ ತೋಟದ ಸಿಲ್ವರ್ ಓಕ್ ಮರಗಳ ತುದಿ ಹಿಂದಿನ ಸಾಲಿನ ಮೇಲೆ ಎಲ್ಲಿ ಬೀಳುತ್ತದೆ ಎಂದು ಹುಡುಕುತ್ತಾರೆ. ಮರದ ತುದಿ ಆಕಾಶಕ್ಕೆ ಚುಚ್ಚಿಕೊಂಡರೆ ಒಂದು ಬಗೆ, ಮಸುಕಾದ ಬೆಟ್ಟದೊಳಗೇ ನಿಂತರೆ ಇನ್ನೊಂದು ಬಗೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಈ ಲೆಕ್ಕ ಬದಲಾಗುತ್ತದೆ. ಜನಜಂಗುಳಿಯಲ್ಲಿ ಆ ಎರಡು ಹೆಜ್ಜೆ ದಕ್ಕುವುದೇ ಕಷ್ಟ ಎಂಬುದು ಬೇರೆ ಮಾತು.

ಎರಡನೆಯದು, ಸೂರ್ಯ ಎಲ್ಲಿ ಇಳಿಯುತ್ತಾನೆ ಎಂಬುದು. ಮಡಿಕೇರಿ ಇರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವದ ದಿನಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುತ್ತಾನೆ. ಡಿಸೆಂಬರ್ ಕೊನೆಗೆ ಅಲ್ಲಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಜೂನಿನ ಲೆಕ್ಕ ಕಾಗದದ ಮೇಲಷ್ಟೇ, ಆಗ ಅಲ್ಲಿ ಮಳೆ ಮತ್ತು ಮಂಜು ಬಿಟ್ಟು ಬೇರೇನೂ ಕಾಣದ ದಿನಗಳೇ ಹೆಚ್ಚು. ನವೆಂಬರ್ ಕೊನೆಯಲ್ಲಿ ಸೂರ್ಯಾಸ್ತ ಆರು ಗಂಟೆಯ ಆಸುಪಾಸು, ಮಾರ್ಚ್ ನಡುವೆ ಆರೂವರೆ ದಾಟುತ್ತದೆ. ಪಂಚಾಂಗದ ಹೊತ್ತಿಗಿಂತ ಮೊದಲೇ ಸೂರ್ಯ ಬೆಟ್ಟದ ಅಂಚಿನಲ್ಲೋ ದಿಗಂತದ ಮಬ್ಬಿನಲ್ಲೋ ಮರೆಯಾಗುವುದರಿಂದ ಒಂದು ಗಂಟೆ ಮುಂಚೆ ಹೋಗಿ ನಿಲ್ಲುವುದು ಕ್ಷೇಮ.

ಸೂರ್ಯ ಎದುರಿಗಿರುವಾಗ ಕಣಿವೆಯ ಮಂಜು ಹೊಳೆಯುತ್ತದೆ. ಸೂಕ್ಷ್ಮ ಹನಿ ಮತ್ತು ದೂಳಿನ ಕಣಗಳು ತಮಗೆ ಬಿದ್ದ ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಅದಕ್ಕೇ ಸೂರ್ಯನ ನೇರ ಕೆಳಗಿನ ಸಾಲುಗಳು ಚಿನ್ನದ ಬಣ್ಣಕ್ಕೆ ತಿರುಗಿ, ಅಕ್ಕಪಕ್ಕದವು ಬೂದುಬಣ್ಣದಲ್ಲೇ ಉಳಿಯುತ್ತವೆ. ಸೂರ್ಯನನ್ನು ಚೌಕಟ್ಟಿನಿಂದ ಕೊಂಚ ಹೊರಗಿಟ್ಟು, ಆ ಹೊಳಪನ್ನು ಮಾತ್ರ ಒಳಗೆ ತಂದುಕೊಳ್ಳುವುದು ಅನುಭವಿಗಳ ಜಾಣತನ. ಕ್ಯಾಮೆರಾದ ಮೀಟರು ಎಲ್ಲವನ್ನೂ ನಡು ಬೂದುಬಣ್ಣಕ್ಕೆ ಎಳೆಯಲು ನೋಡುತ್ತದೆ. ಅದನ್ನೇ ನಂಬಿದರೆ ಮುಸ್ಸಂಜೆ ಮಧ್ಯಾಹ್ನದಂತೆ ಬರುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ (ಅಂದರೆ ಬೆಳಕನ್ನು ಅರ್ಧ ಮಾಡಿ), ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನ ಬಲತುದಿ ಗೋಡೆಗೆ ಬಡಿಯದಂತೆ ಕಾಯಬೇಕು. ಸುಟ್ಟು ಬಿಳಿಯಾದ ಆಕಾಶವನ್ನು ಆಮೇಲೆ ಯಾರಿಂದಲೂ ಮರಳಿ ತರಲಾಗದು. ಕತ್ತಲೆಯಲ್ಲಿ ಅಡಗಿದ್ದನ್ನು ಸ್ವಲ್ಪ ಮಟ್ಟಿಗೆ ತರಬಹುದು. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಸಂಜೆಗೆಂಪನ್ನು ದೋಷವೆಂದು ತಿಳಿದು ತೊಳೆದುಬಿಡುತ್ತದೆ. ಅದನ್ನು ಡೇಲೈಟಿಗೆ ಇಟ್ಟು ಮರೆಯಿರಿ.

ಸೂರ್ಯ ಇಳಿದ ಮೇಲೆ ಲೆಕ್ಕವೇ ಬೇರೆ. ವಿದೇಶಿ ಪುಸ್ತಕಗಳಲ್ಲಿ ಮುಸ್ಸಂಜೆಯನ್ನು ಆರಾಮಾಗಿ ಬಳಸಿಕೊಳ್ಳುವ ಸಲಹೆಗಳಿರುತ್ತವೆ. ಅವು ಲಂಡನ್ನಿಗೆ ಸರಿ. ಅಲ್ಲಿ ಸೂರ್ಯ ಓರೆಯಾಗಿ ಇಳಿಯುತ್ತಾನೆ. ದಿಗಂತದ ಕೆಳಗೆ 6 ಡಿಗ್ರಿ ತಲುಪಲು ವಿಷುವದ ದಿನ ಕೂಡ ಅರ್ಧ ಗಂಟೆ ದಾಟುತ್ತದೆ. ನಮ್ಮಲ್ಲಿ ಅವನು ಬಾವಿಗೆ ಬಿಟ್ಟ ಕೊಡದಂತೆ ಹೆಚ್ಚುಕಡಿಮೆ ನೇರಕ್ಕೆ ಇಳಿಯುತ್ತಾನೆ, ಅಷ್ಟೇ ಆಳಕ್ಕೆ 21 ನಿಮಿಷ ಸಾಕು. ಆ ಹೊತ್ತಿನಲ್ಲಿ ಬಯಲಿನ ಬೆಳಕು ಸುಮಾರು 400 ಲಕ್ಸಿನಿಂದ ಮೂರು ನಾಲ್ಕು ಲಕ್ಸಿಗೆ ಕುಸಿಯುತ್ತದೆ. ಸರಾಸರಿ ತೆಗೆದರೆ ಮೂರು ನಿಮಿಷಕ್ಕೊಮ್ಮೆ ಬೆಳಕು ಅರ್ಧವಾದಂತೆ. ಐಎಸ್ಒ 100, ಎಫ್/8ರಲ್ಲಿ ಸೂರ್ಯಾಸ್ತದ ಹೊತ್ತಿಗೆ ಸೆಕೆಂಡಿನ 60ನೇ ಒಂದು ಭಾಗ ಸಾಕಾಗಿದ್ದ ಶಟರ್, 21 ನಿಮಿಷದ ಬಳಿಕ ಎರಡು ಸೆಕೆಂಡು ಬೇಡುತ್ತದೆ. ಟ್ರೈಪಾಡು ಯಾಕೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ಅದನ್ನು ಕಂಬಿಗೆ ತಾಗಿಸಬಾರದು, ಆ ತುದಿಯಲ್ಲಿ ಒಬ್ಬರು ಒರಗಿದರೂ ಈ ತುದಿ ನಡುಗುತ್ತದೆ. ಬೆಳಕಿರುವಾಗಲೇ ದೂರದ ಸಾಲಿನ ಅಂಚಿಗೆ ಫೋಕಸ್ ಮಾಡಿ ಮ್ಯಾನ್ಯುಯಲ್ಲಿಗೆ ಬದಲಿಸಿಟ್ಟುಕೊಳ್ಳಬೇಕು. ಕತ್ತಲಾದ ಮೇಲೆ ಆಟೋಫೋಕಸ್ ಹಿಂದೆ ಮುಂದೆ ಹುಡುಕಾಡುತ್ತ ಹೊತ್ತು ತಿನ್ನುತ್ತದೆ. ಗುಂಡಿ ಒತ್ತುವ ಕೈಯೂ ಅಲುಗಿಸುತ್ತದೆ, ಎರಡು ಸೆಕೆಂಡಿನ ಟೈಮರ್ ಇಟ್ಟರಾಯಿತು.

ಬೆಳಕು ಓಡುವ ಈ ವೇಗ ಎಂಥವರ ಬೆವರನ್ನೂ ಇಳಿಸಿದೆ. 1941ರ ನವೆಂಬರ್ 1ರ ಸಂಜೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಾರಿನಲ್ಲಿ ಬರುತ್ತಿದ್ದಾಗ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಎದ್ದಿದ್ದ, ಹಿಂದೆ ಹಿಮದ ಬೆಟ್ಟ, ಮುಂದೆ ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು. ಗಾಡಿ ನಿಲ್ಲಿಸಿ 8×10 ಇಂಚಿನ ದೊಡ್ಡ ಕ್ಯಾಮೆರಾ ಹೂಡಿದರು, ಆದರೆ ಎಕ್ಸ್‌ಪೋಷರ್ ಮೀಟರು ಸಿಗಲಿಲ್ಲ. ಚಂದ್ರನ ಹೊಳಪು ಚದರ ಅಡಿಗೆ 250 ಕ್ಯಾಂಡಲ್ ಎಂಬುದು ನೆನಪಿತ್ತು. ಅದರ ಮೇಲೆಯೇ ಲೆಕ್ಕ ಹಾಕಿ ಒಂದು ನೆಗೆಟಿವ್ ತೆಗೆದರು. ಎರಡನೆಯದಕ್ಕೆ ಫಿಲ್ಮ್ ಹೋಲ್ಡರ್ ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು. ಇದನ್ನು ಅದೃಷ್ಟ ಎನ್ನುವವರಿದ್ದಾರೆ. ಚಂದ್ರನ ಹೊಳಪನ್ನು ಬಾಯಿಪಾಠ ಮಾಡಿಟ್ಟುಕೊಂಡವನ ಅದೃಷ್ಟ ಅದು.

ಇನ್ನು ಸೂರ್ಯಾಸ್ತದ ಬಳಿಕದ ಆ ನೀಲಿ. ಕೆಂಪು ಇಳಿದು, ನೆತ್ತಿಯ ಆಕಾಶ ಗಾಢ ನೀಲಿಗೆ ತಿರುಗಿ, ಬೆಟ್ಟದ ಸಾಲುಗಳೂ ಅದೇ ನೀಲಿಯ ಬೇರೆ ಬೇರೆ ಮೆಟ್ಟಿಲುಗಳಾಗುತ್ತವೆ. ಹಗಲಿನ ನೀಲಿಗೆ ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದು ಕಾರಣ ಎಂದು ಶಾಲೆಯಲ್ಲಿ ಓದಿದ್ದೇವೆ. ಮುಸ್ಸಂಜೆಯ ನೆತ್ತಿಯ ನೀಲಿಗೆ ಅಷ್ಟೇ ಸಾಲದು, ಎತ್ತರದಲ್ಲಿರುವ ಓಝೋನ್ ಪದರವು ಕಿತ್ತಳೆ-ಹಳದಿ ಬೆಳಕನ್ನು ಹೀರಿಕೊಳ್ಳುವುದೂ ಸೇರಬೇಕು ಎಂದು ಅಮೆರಿಕದ ಭೌತವಿಜ್ಞಾನಿ ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ತೋರಿಸಿಕೊಟ್ಟರು. ಈ ಹೊತ್ತಿನಲ್ಲಿ ಕೆಳಗಿನ ರಸ್ತೆಯ ವಾಹನಗಳ ದೀಪಗಳೂ ಹತ್ತಿರುತ್ತವೆ. ಹತ್ತಿಪ್ಪತ್ತು ಸೆಕೆಂಡು ಶಟರ್ ತೆರೆದಿಟ್ಟರೆ ರಸ್ತೆಯ ತಿರುವುಗಳು ಬೆಳಕಿನ ಗೆರೆಯಾಗಿ ಮೂಡುತ್ತವೆ. ಇದು ಈಗ ಎಲ್ಲರೂ ಮಾಡುವ ಚಮತ್ಕಾರ, ನನಗೆ ಅಷ್ಟೇನೂ ಇಷ್ಟವಿಲ್ಲ. ಅದಕ್ಕಿಂತ ಅಮಾವಾಸ್ಯೆ ಕಳೆದ ಬಿದಿಗೆ-ತದಿಗೆಯ ಸಂಜೆ ನೋಡಿಕೊಂಡು ಹೋಗಿ. ಎಳೆ ಚಂದ್ರ ಅದೇ ಪಡುವಣ ಸಾಲುಗಳ ಮೇಲೆ ಇಳಿಯುತ್ತಿರುತ್ತಾನೆ, ಅವನ ಕತ್ತಲ ಭಾಗವೂ ಭೂಮಿಯಿಂದ ಮರಳಿದ ಬೆಳಕಿನಲ್ಲಿ ಮಸುಕಾಗಿ ಕಾಣುತ್ತದೆ. ಆದರೆ ಜೂಮ್ ಲೆನ್ಸಿನಲ್ಲಿ ಒಂದು ಸೆಕೆಂಡು ದಾಟಿದರೆ ಚಂದ್ರ ಸರಿದು ಮಸುಕಾಗುತ್ತಾನೆ. ಐಎಸ್ಒ ಏರಿಸಿಯಾದರೂ ಶಟರನ್ನು ಅದರೊಳಗೆ ಇಡಬೇಕು.

ಮೊಬೈಲಿನವರೂ ನಿರಾಶರಾಗಬೇಕಿಲ್ಲ. ಪರದೆಯ ಮೇಲೆ ಆಕಾಶವನ್ನು ಮುಟ್ಟಿ ಹೊಳಪನ್ನು ಕೆಳಕ್ಕೆಳೆದರೆ ಸಾಲುಗಳು ಮರಳಿ ಬರುತ್ತವೆ. ನೈಟ್ ಮೋಡ್ ಹಲವು ಫೋಟೋಗಳನ್ನು ಒಟ್ಟುಗೂಡಿಸುವ ಉಪಾಯ. ಅದು ಕಪ್ಪಿರಬೇಕಾದ ಮುಂದಿನ ಬೆಟ್ಟವನ್ನೂ ಬೆಳಗಿಸಿ ಗಿಡಗಂಟಿ ಎಲ್ಲ ತೋರಿಸಿಬಿಡುತ್ತದೆ, ಇಲ್ಲಿ ಅದು ಬೇಡ.

ಒಂದು ಮಾತು ಹೇಳಲೇಬೇಕು. ಮುಸ್ಸಂಜೆ ಎಲ್ಲವನ್ನೂ ನುಣುಪಾಗಿಸುತ್ತದೆ, ಬೆಟ್ಟದ ಗಾಯಗಳನ್ನೂ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಕುಸಿದು, ಮನೆ-ತೋಟಗಳು ಕೊಚ್ಚಿಹೋಗಿ, ಮಂಗಳೂರು ರಸ್ತೆಯೂ ಮುಚ್ಚಿತ್ತು. ಈ ಬೆಟ್ಟಗಳನ್ನು ನಿಜವಾಗಿ ಪ್ರೀತಿಸುವವರು ಅದೇ ಜಾಗದಿಂದ ಮಟಮಟ ಮಧ್ಯಾಹ್ನದ ಒಂದು ಫೋಟೋವನ್ನೂ ತೆಗೆದಿಟ್ಟರೆ ಒಳ್ಳೆಯದು. ಚೆನ್ನಾಗಿ ಬರುವುದಿಲ್ಲ, ಆದರೂ ಮುಂದೊಂದು ದಿನ ಬೇಕಾಗುತ್ತದೆ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತಾಗಲೂ ಕೆಲಸ ಮುಗಿದಿರುವುದಿಲ್ಲ. ಆಡಮ್ಸ್ ಅದೇ ಒಂದು ನೆಗೆಟಿವನ್ನು ದಶಕಗಳ ಕಾಲ ಮತ್ತೆ ಮತ್ತೆ ಪ್ರಿಂಟ್ ಮಾಡಿದರು. ವರ್ಷಗಳು ಕಳೆದಂತೆ ಅದರ ಆಕಾಶ ಹೆಚ್ಚು ಹೆಚ್ಚು ಕಪ್ಪಾಗುತ್ತ ಹೋಯಿತು. ನಮ್ಮ ಕಾಲದ ತಂತ್ರಾಂಶಗಳಲ್ಲಿ ಡೀಹೇಜ್ ಎಂಬ ಒಂದು ಸ್ಲೈಡರ್ ಇದೆ, ಮಬ್ಬು ತೆಗೆಯುವ ಸಾಧನ. ಅದನ್ನು ಬಲಕ್ಕೆ ಎಳೆದರೆ ಬೆಟ್ಟಗಳೆಲ್ಲ ಒಂದೇ ಸಮ ಕಪ್ಪಾಗಿ ಮುಂದೆ ಬಂದು ನಿಲ್ಲುತ್ತವೆ, ಯಾವುದಕ್ಕಾಗಿ ಅಷ್ಟು ಹೊತ್ತು ನಿಂತೆವೋ ಆ ಗಾಳಿ ಮಾಯ. ಬೇಕಿದ್ದರೆ ಎಡಕ್ಕೆ ಕೂದಲೆಳೆಯಷ್ಟು ಎಳೆದು ನೋಡಿ. ಪ್ರಿಂಟ್ ಮಾಡಿಸುವವರಿಗೆ ಇನ್ನೊಂದು ಎಚ್ಚರ: ಪರದೆ ಒಳಗಿನಿಂದ ಬೆಳಗುತ್ತದೆ, ಕಾಗದಕ್ಕೆ ಆ ಬೆಳಕಿಲ್ಲ. ಪರದೆಯಲ್ಲಿ ಸ್ಪಷ್ಟವಾಗಿದ್ದ ಮುಂದಿನ ಎರಡು ಸಾಲುಗಳು ಕಾಗದದಲ್ಲಿ ಒಂದಾಗಿ ಅಂಟಿಕೊಳ್ಳುವುದುಂಟು. ಮೊದಲು ಪೋಸ್ಟ್‌ಕಾರ್ಡ್ ಅಳತೆಯ ಒಂದು ಪ್ರತಿ ತೆಗೆಸಿ, ಕಿಟಕಿಯ ಹತ್ತಿರ ಹಿಡಿದು ಸಾಲುಗಳನ್ನು ಎಣಿಸಿ ನೋಡಿ, ಆಮೇಲೆ ದೊಡ್ಡದಕ್ಕೆ ಹೇಳುವುದು ವಾಸಿ.