ಗಾಲಿಯ ಸದ್ದಿಗೆ ಕಿವಿಗೊಟ್ಟವರು

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಪಟ್ಟಣಗಳಿಗೆ ರೈಲು ಹಳಿ ಇನ್ನೂ ಮುಟ್ಟಿಲ್ಲ. ಅಲ್ಲಿಯ ಬಹಳಷ್ಟು ಜನ ಬಸ್ಸು ಹಿಡಿದು ಗದಗಕ್ಕೆ ಬಂದು ಗಾಡಿ ಹತ್ತುತ್ತಾರೆ. ಹುಬ್ಬಳ್ಳಿ, ಗುಂತಕಲ್, ಹೋಟಗಿ ಕಡೆಯ ಹಳಿಗಳು ಕೂಡುವ ಈ ಜಂಕ್ಷನ್ನಿನಲ್ಲಿ ಪ್ರಯಾಣಿಕರ ಗಾಡಿಗಳ ಜತೆ ಅದಿರು, ಕಲ್ಲಿದ್ದಲು ಹೊತ್ತ ಗೂಡ್ಸುಗಳೂ ಓಡುತ್ತವೆ. ಇಷ್ಟು ಭಾರ ಹೊರುವ ಗಾಲಿ, ಹಳಿ ಎರಡೂ ಸವೆಯುತ್ತವೆ. ಎಲ್ಲಿ ಸವೆದಿವೆ ಎಂಬುದು ಎಷ್ಟೋ ಸಲ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ.

ದೊಡ್ಡ ನಿಲ್ದಾಣಗಳಲ್ಲಿ ಗಾಡಿ ಒಳಬರುವಾಗ ಕ್ಯಾರೇಜ್ ಸಿಬ್ಬಂದಿ ಹಳಿಯ ಎರಡೂ ಬದಿ ಕುಕ್ಕರಗಾಲಲ್ಲಿ ಕೂತಿರುವುದನ್ನು ನೀವು ನೋಡಿರಬಹುದು. ಅವರ ಕಣ್ಣು ಜೋತುಬಿದ್ದ ಭಾಗಗಳ ಮೇಲೆ, ಕಿವಿ ಗಾಲಿಯ ಮೇಲೆ. ಬ್ರೇಕ್ ಹಿಡಿದುಕೊಂಡು ಬಿಡದಿದ್ದರೆ ಗಾಲಿ ಉರುಳದೆ ಹಳಿಯ ಮೇಲೆ ಜಾರುತ್ತದೆ. ತಿಕ್ಕಾಟಕ್ಕೆ ಅದರ ದುಂಡು ಒಂದು ಕಡೆ ಸವೆದು ಚಪ್ಪಟೆಯಾಗುತ್ತದೆ. ರೈಲ್ವೆಯವರು ಇದನ್ನು ಫ್ಲಾಟ್ ಟೈರ್ ಎನ್ನುತ್ತಾರೆ. ಈ ಚಪ್ಪಟೆ ಬೋಗಿಯ ಗಾಲಿಯಲ್ಲಿ 50 ಮಿ.ಮೀ., ಗೂಡ್ಸ್ ವ್ಯಾಗನ್ನಿನ ಗಾಲಿಯಲ್ಲಿ 60 ಮಿ.ಮೀ. ಮೀರುವಂತಿಲ್ಲ. 915 ಮಿ.ಮೀ. ವ್ಯಾಸದ ಗಾಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹತ್ತಿರಹತ್ತಿರ 10 ಸುತ್ತು ಹಾಕುತ್ತದೆ. ಅಂದರೆ ಹಳಿಗೆ ಸೆಕೆಂಡಿಗೆ 10 ಸುತ್ತಿಗೆ ಏಟು! ಚಳಿಗೆ ಕುಗ್ಗಿ ಬಿಗಿದುಕೊಂಡ ಹಳಿ ಅಂಥ ಏಟಿಗೆ ಬೆಸುಗೆಯಲ್ಲೇ ಬಿರುಕು ಬಿಡಬಹುದು.

ಮೊದಲೆಲ್ಲ ಗಾಲಿಯನ್ನು ಸುತ್ತಿಗೆಯಿಂದ ಬಡಿದು ನೋಡುತ್ತಿದ್ದರು. ಗಟ್ಟಿ ಗಾಲಿ ಗಂಟೆಯಂತೆ ಖಣಿಲ್ ಎನ್ನುತ್ತಿತ್ತು, ಬಿರುಕಿದ್ದರೆ ಸದ್ದು ಸತ್ತಿರುತ್ತಿತ್ತು. ಸಂಗೀತ ಗುರುಗಳಾದ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ ಇರುವ ಗದಗಿನವರಿಗೆ, ಕಿವಿಯನ್ನು ಪಳಗಿಸಬಹುದು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈಗ ಆ ಕಿವಿಯ ಜತೆಗೆ ಯಂತ್ರವೂ ಸೇರಿದೆ. ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆ ಆರ್‌ಡಿಎಸ್‌ಒ ಮತ್ತು ಕಾನ್ಪುರ ಐಐಟಿ ಸೇರಿ ರೂಪಿಸಿದ ‘ವೈಲ್ಡ್’ ಎಂಬ ವ್ಯವಸ್ಥೆಯಲ್ಲಿ ಹಳಿಗೇ ಸಂವೇದಕಗಳನ್ನು ಕೂಡಿಸಿರುತ್ತಾರೆ. ಓಡುವ ಗಾಡಿಯ ಯಾವ ಗಾಲಿ ಎಷ್ಟು ಜೋರಾಗಿ ಬಡಿಯಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಇನ್ನೊಂದು ಬಗೆಯಲ್ಲಿ ಹಳಿಯ ಪಕ್ಕ ಮೈಕುಗಳ ಸಾಲಿರುತ್ತದೆ. ಬೇರಿಂಗಿನೊಳಗಿನ ರೋಲರ್ ತುಸು ಕಿತ್ತುಹೋದರೂ ಅದರ ಸದ್ದಿನ ಲಯ ಬದಲಾಗುತ್ತದೆ. ಗಾಡಿಯ ಗದ್ದಲದಲ್ಲಿ ಮುಳುಗಿದ ಆ ಲಯವನ್ನು ಕಂಪ್ಯೂಟರ್ ಬೇರ್ಪಡಿಸಿ, ಬೇರಿಂಗ್ ಕಾದು ಕೆಂಪಾಗುವ ಎಷ್ಟೋ ಮೊದಲೇ ಎಚ್ಚರಿಸುತ್ತದೆ. ನನ್ನ ಮಟ್ಟಿಗೆ ಇದರ ದೊಡ್ಡ ಲಾಭ ಇದೇ.

ಹಳಿಯ ಒಳಗಿನ ಬಿರುಕಿಗೆ ಬೇರೆ ಸದ್ದು ಬೇಕು. ಮನುಷ್ಯರ ಕಿವಿ 20,000 ಹರ್ಟ್ಝ್‌ಗೆ ನಿಲ್ಲುತ್ತದೆ. ಹಳಿಯ ಮೇಲೆ ತಳ್ಳುವ ಅಲ್ಟ್ರಾಸಾನಿಕ್ ಗಾಡಿ 20 ಲಕ್ಷ ಹರ್ಟ್ಝ್‌ ಮತ್ತು ಅದಕ್ಕೂ ಮೇಲಿನ ತರಂಗಗಳನ್ನು ಉಕ್ಕಿನೊಳಗೆ ಕಳಿಸುತ್ತದೆ. ಬಿರುಕಿಗೆ ತಾಗಿ ಮರಳಿದ ಪ್ರತಿಧ್ವನಿ ಪರದೆಯಲ್ಲಿ ಮೂಡುತ್ತದೆ. ಯಲಹಂಕದಲ್ಲಿ 1984ರಲ್ಲಿ ಶುರುವಾದ ರೈಲು ಗಾಲಿ ಕಾರ್ಖಾನೆಯಲ್ಲೂ ಎರಕದ ಗಾಲಿ ಹೊರಬೀಳುವ ಮುನ್ನ ಈ ಪರೀಕ್ಷೆ ಗೆಲ್ಲಬೇಕು.

ಇಷ್ಟಾದರೂ ಹಳಿ ನೋಡಿಕೊಳ್ಳುವ ಕೀಮನ್ ದಿನವೂ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹೊತ್ತು ಹಳಿಗುಂಟ ನಡೆಯುತ್ತಾನೆ. ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿಬಿಡುವ ನಮ್ಮ ಎರೆ ಭೂಮಿಯಲ್ಲಿ ಹಳಿಯ ಮಟ್ಟ ಕಾಯುವುದು ಸುಲಭದ ಕೆಲಸವಲ್ಲ.

ಪ್ರಯಾಣಿಕರೂ ಕಿವಿಗೊಡಬಹುದು. ಬೆಸೆದ ಉದ್ದ ಹಳಿಗಳು ಬಂದ ಮೇಲೆ ಹಳೆಯ ಜೋಡಣೆಗಳ ಟಡಕ್ ಟಡಕ್ ಸದ್ದು ಬಹುಮಟ್ಟಿಗೆ ನಿಂತಿದೆ. ನಿಮ್ಮ ಬೋಗಿಯ ಕೆಳಗೆ ಒಂದೇ ಲಯದ ಬಡಿತ ಎಡೆಬಿಡದೆ ಕೇಳಿ, ವೇಗ ಏರಿದಂತೆ ಅದೂ ಚುರುಕಾದರೆ, ಟಿಟಿಇಗೆ ತಿಳಿಸಿ ಇಲ್ಲವೇ 139ಕ್ಕೆ ಕರೆ ಮಾಡಿ.