ಖಾಲಿ ತೋಟಾ: ಇಟ್ಟುಕೊಳ್ಳೋದು ಯಾವುದು, ಬಿಸಾಡೋದು ಯಾವುದು?

ಮೆಹಕರದ ನಮ್ಮ ಮನಿಯಾಗ ಕಾಕಾನ ಹೆಸರಿಗೆ 12 ಬೋರಿನ ಜೋಡುನಳಿಗೆ ಬಂದೂಕು ಅದ, ಕಬ್ಬಿಗೆ ಬರೋ ಹಂದಿ ಹೆದರಿಸಲಿಕ್ಕೆ. ಕಾಕಾ ಬಹಳ ವರ್ಷ ಕೊಡಗಿನ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಅಲ್ಲಿ ಕೈಲ್ ಪೋಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ ನಡೀತಾವ. ಹೊಡೆದು ಬಿದ್ದ ತೋಟಾ ಆರಿಸೋದನ್ನು ಅವರು ಅಲ್ಲಿನ ಹಿರಿಯರಿಂದ ಕಲಿತರು. ನಮ್ಮ ಕಡೆಯವರು ಮಾತ್ರ ಹೊಳಪು ನೋಡಿ ಎತ್ತಿಕೊಳ್ತಾರ.

ಹೊಳಪು ಬಿಡ್ರಿ, ಮೊದಲು ಬಾಯಿ ನೋಡ್ರಿ. ಪ್ಲಾಸ್ಟಿಕ್ ತೋಟಾದ ಬಾಯಿ ಮಡಿಕೆ ಮಡಿಕೆಯಾಗಿ ಮುಚ್ಚಿರುತ್ತದೆ. ಹೊಡೆದಷ್ಟೂ ಆ ಮಡಿಕೆಗಳೇ ಸೀಳುತ್ತವೆ. ಉಗುರಿನಿಂದ ಎಳೆದಾಗ ಬಿರುಕು ಕಂಡರೆ ಬ್ಯಾಡ. ಕಾಗದದ ತೋಟಾ ಮಂಜಿಗೆ, ಮಳೆಗೆ ಉಬ್ಬುತ್ತದೆ. ಒಣಗಿಸಿದರೂ ಮೊದಲಿನ ಅಳತೆಗೆ ಬರೋದಿಲ್ಲ.

ಆಮೇಲೆ ಬುಡ. ಹಿತ್ತಾಳೆ ಬಣ್ಣದ ಬುಡ ಉಬ್ಬಿದ್ದರೆ, ಕೇಪು ಸಡಿಲಾಗಿದ್ದರೆ, ಸುತ್ತ ಹೊಗೆ ಸೋರಿದ ಕಪ್ಪು ಗುರುತಿದ್ದರೆ ತಗೋಬ್ಯಾಡ್ರಿ. ಬೆಳಕಿಗೆ ಹಿಡಿದು ಒಳಗೂ ನೋಡಬೇಕು. ಸೂಜಿಮೊನೆಯಷ್ಟು ಸುಟ್ಟ ತೂತಿದ್ದರೂ ಆ ತೋಟಾ ಮುಗೀತು.

ಕಂಪನಿವಾರು ಬೇರೆ ಬೇರೆ ಇಡಬೇಕು. ಖಡ್ಕಿ ಕಾರ್ಖಾನೆಯ ‘ಶಕ್ತಿಮಾನ್’ ಒಂದು ಡಬ್ಬಿ, ವಿದೇಶಿ ಇನ್ನೊಂದು. ಹೊರಗಿನಿಂದ ಒಂದೇ ಕಂಡರೂ ಒಳಗಿನ ಜಾಗ ಒಂದೇ ಇರಲ್ಲ. ಜಾಗ ಕಡಿಮೆ ಇದ್ದಲ್ಲಿ ಅಷ್ಟೇ ಮದ್ದು ಹಾಕಿದರೂ ಒತ್ತಡ ಏರುತ್ತದೆ, ಬಂದೂಕು ಕೆನ್ನೆಯ ಪಕ್ಕದಲ್ಲೇ ಇರುತ್ತದಲ್ಲ!

ಎಲ್ಲಕ್ಕಿಂತ ಭಯ 20 ಬೋರಿನದು. ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು: 12ರ ನಳಿಗೆ ಸುಮಾರು 18.5 ಮಿ.ಮೀ., 20ರದು ಸುಮಾರು 15.6. ರಾಶಿಯಲ್ಲಿ ಬೆರೆತ 20ರ ತೋಟಾ 12ರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ನಳಿಗೆ ಖಾಲಿ ಅಂತ ತಿಳಿದು ಹಿಂದೆ 12ರದು ಹಾಕಿ ಹೊಡೆದರೆ ನಳಿಗೆಯೇ ಸಿಡಿಯಬಹುದು. ಅದಕ್ಕೇ 20ರ ತೋಟಾಕ್ಕೆ ಬಹುತೇಕ ಹಳದಿ ಬಣ್ಣ. ಹಳದಿ ಕಂಡರೆ ಕಾಕಾ ಮೊದಲು ಅದನ್ನೇ ಬೇರೆ ತೆಗೀತಾರ.

ಇನ್ನೊಂದು ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ತೋಟಾ ತಯಾರಿಸುವಂತಿಲ್ಲ. ಬಂದೂಕಿಗೆ ಲೈಸೆನ್ಸ್ ಅದ ಅಂದಮಾತ್ರಕ್ಕೆ ಮನಿಯಾಗ ಕೂತು ತುಂಬಬಹುದು ಅಂತ ತಿಳೀಬ್ಯಾಡ್ರಿ, ಅಧಿಕಾರಿಗಳನ್ನು ಕೇಳಿಯೇ ಮುಂದಿನ ಮಾತು.

ಬಿಸಾಡುವ ತೋಟಾಗಳನ್ನು ಕಾಕಾ ಹಾಗೇ ಎಸೆಯೋದಿಲ್ಲ. ಬಾಯಿಯಿಂದ ಅರ್ಧದವರೆಗೆ ಚಾಕುವಿನಿಂದ ಸೀಳಿ ಎಸೀತಾರ, ಮತ್ತ್ಯಾರೂ ಆರಿಸಿಕೊಂಡು ಹೋಗಬಾರದು ಅಂತ.